ಅಡಿಗೆಮನೆಯ ಸಾಕ್ಷ್ಯ: ಒಕ್ಕಲುನಾಡಿನ ಒಂದು ಕೊಲೆಯ ಕಥೆಯನ್ನು ಕುರಿತು

ಹೆಣ್ಣುಮಕ್ಕಳ ಕೈಯಲ್ಲಿ ಪತ್ತೇದಾರಿ ಪುಸ್ತಕವನ್ನು ಕಂಡೊಡನೆ ಅನೇಕ ತಾಯಿತಂದೆಗಳು ಹುಬ್ಬು ಗಂಟಿಕ್ಕುವುದುಂಟು. ಕೊಲೆ, ಕಳವು, ಸುಳ್ಳು, ವಂಚನೆ ಇವುಗಳಿಂದಲೇ ತುಂಬಿದ ಕಥೆಯಿಂದ ಎಳೆಯ ಮನಸ್ಸು ಕಲಿಯತಕ್ಕುದೇನು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ನಾವು ಏನನ್ನು ಓದುತ್ತೇವೆಯೋ ಅದು ನಮ್ಮ ಮನಸ್ಸಿನಲ್ಲಿ ಮನೆಮಾಡಿಕೊಳ್ಳುತ್ತದೆ. ಆದರೆ ಪತ್ತೇದಾರಿ ಕಥೆಗಳೆಲ್ಲವೂ ಒಂದೇ ಜಾತಿಯವಲ್ಲ. ರಕ್ತವನ್ನು ವರ್ಣಿಸುವುದರಲ್ಲಿಯೇ ಸಂತೋಷಪಡುವ ಕಥೆಗಳು ಒಂದು ಕಡೆ ಇದ್ದರೆ, ಹಳ್ಳಿಯ ಶಾಂತ ಜೀವನದಲ್ಲಿ ಅಕಸ್ಮಾತ್ತಾಗಿ ಬಂದೊದಗಿದ ಒಂದು ದುಷ್ಕೃತ್ಯವನ್ನು ಎತ್ತಿಕೊಂಡು, ಅದರ ನಿಜವನ್ನು ತಾಳ್ಮೆಯಿಂದ ಬಿಡಿಸಿ ತೋರಿಸುವ ಕಥೆಗಳು ಮತ್ತೊಂದು ಕಡೆ ಇವೆ. ಈ ಎರಡನೆಯ ಜಾತಿಯ ಕಥೆಯು ಹೇಗೆ ಕಟ್ಟಲ್ಪಡುತ್ತದೆ, ಅದು ನೋಡಲು ಕಲಿಸುವುದೇನು ಎಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಯಪಡಿಸಬೇಕೆಂದು ಈ ಲೇಖನವನ್ನು ಬರೆಯುತ್ತೇವೆ. ಮಾತು ಬರಿಯ ಮಾತಾಗದಿರಲೆಂದು, ಅಮೆರಿಕದ ಒಂದು ಒಕ್ಕಲುನಾಡಿನಲ್ಲಿ ನಿಜವಾಗಿಯೂ ನಡೆದ ಒಂದು ಕೊಲೆಯನ್ನೂ, ಅದರಿಂದ ಹುಟ್ಟಿದ ಒಂದು ಸಣ್ಣಕಥೆಯನ್ನೂ ಮುಂದೆ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ಶಾಂತವಾದ ಈ ಪತ್ತೇದಾರಿ ಕಥೆಗಳಿಗೆ ಇಂಗ್ಲಿಷ್ ಬಲ್ಲವರು 'ಕೋಜಿ' ಎಂದು ಹೆಸರಿಟ್ಟಿದ್ದಾರೆ. ಚಳಿಗಾಲದ ಸಂಜೆಯಲ್ಲಿ ಒಲೆಯ ಬಳಿ ಬೆಚ್ಚಗೆ ಕುಳಿತಿರುವವರ ಸುಖವನ್ನು ಆ ಶಬ್ದವು ಸೂಚಿಸುತ್ತದೆ. ಕೊಲೆಯ ಕಥೆಗೆ ಇಂಥ ಹೆಸರೇ ಎಂದು ಸೋಜಿಗವಾಗಬಹುದು. ಅದರ ಲಕ್ಷಣಗಳನ್ನು ತಿಳಿದರೆ ಸೋಜಿಗವು ತೀರುವುದು. ಮೊದಲನೆಯದಾಗಿ, ಇಂಥ ಕಥೆಯಲ್ಲಿ ಕೊಲೆಯು ನಮ್ಮ ಕಣ್ಣೆದುರಿಗೆ ನಡೆಯುವುದಿಲ್ಲ. ಅದು ನಡೆದುಹೋದ ಮೇಲೆ ನಾವು ಅಲ್ಲಿಗೆ ಹೋಗುತ್ತೇವೆ. ಎರಡನೆಯದಾಗಿ, ಕಥೆಯ ಸ್ಥಳವು ಒಂದು ಚಿಕ್ಕ ಊರು. ಅಲ್ಲಿ ಒಬ್ಬರ ವಿಷಯವು ಒಬ್ಬರಿಗೆ ತಿಳಿಯದೆ ಇರದು. ಮೂರನೆಯದಾಗಿ, ನಿಜವನ್ನು ಕಂಡುಹಿಡಿಯುವವರು ಸಾಮಾನ್ಯವಾಗಿ ಪೋಲೀಸಿನವರಲ್ಲ. ಊರಿನ ಸಾಧಾರಣ ಜನರಲ್ಲಿ ಒಬ್ಬರು, ಎಷ್ಟೋ ವೇಳೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಬ್ಬ ಹೆಂಗಸು. ನಾಲ್ಕನೆಯದಾಗಿ, ಕಥೆಯು ಮುಗಿಯುವಷ್ಟರಲ್ಲಿ ಸತ್ಯವು ಬಹಿರಂಗವಾಗಿ, ಕದಡಿದ ಊರು ಮತ್ತೆ ತಿಳಿಯಾಗುತ್ತದೆ.

ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿಯವರು ಈ ಮಾರ್ಗದ ಅತ್ಯಂತ ಪ್ರಸಿದ್ಧ ಲೇಖಕಿ. ಅವರು ಕಲ್ಪಿಸಿದ ಮಿಸ್ ಮಾರ್ಪಲ್ ಎಂಬ ಅವಿವಾಹಿತ ವೃದ್ಧೆಯು ೧೯೨೭ರಲ್ಲಿ ಒಂದು ಸಣ್ಣಕಥೆಯಲ್ಲಿ ಮೊದಲು ಕಾಣಿಸಿಕೊಂಡಳು. ೧೯೩೦ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ, ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಗ್ರಾಮದ ಪಾದ್ರಿಯವರ ಮನೆಯಲ್ಲಿ ನಡೆದ ಕೊಲೆಯನ್ನು ಆಕೆ ಬಿಡಿಸುತ್ತಾಳೆ. ಆಕೆಯ ಬಳಿಯಲ್ಲಿ ಭೂತಕನ್ನಡಿಯೂ ಇಲ್ಲ, ಪಿಸ್ತೂಲೂ ಇಲ್ಲ. ಹೆಣಿಗೆಯ ಕಡ್ಡಿಗಳನ್ನು ಹಿಡಿದು ಕುಳಿತು, ತನ್ನ ಹಳ್ಳಿಯಲ್ಲಿ ತಾನು ಕಂಡ ಮನುಷ್ಯಸ್ವಭಾವಗಳೊಡನೆ ಹೊಸ ಮನುಷ್ಯರನ್ನು ಹೋಲಿಸಿ ನೋಡುವುದೇ ಆಕೆಯ ವಿದ್ಯೆ. ಡೊರೊಥಿ ಸೇಯರ್ಸ್ ಎಂಬ ಮತ್ತೊಬ್ಬ ಲೇಖಕಿ ಪಾದ್ರಿಯೊಬ್ಬರ ಮಗಳು; ಪೂರ್ವ ಇಂಗ್ಲೆಂಡಿನ ಫೆನ್ ಎಂಬ ಜೌಗು ಪ್ರದೇಶದಲ್ಲಿ ಬೆಳೆದವರು. ೧೯೩೪ರಲ್ಲಿ ಅವರು ಬರೆದ 'ನೈನ್ ಟೈಲರ್ಸ್' ಎಂಬ ಕಾದಂಬರಿಯಲ್ಲಿ ಆ ಹೊಲಗಳೂ ಕಾಲುವೆಗಳೂ ನೆರೆಯೂ ದೇವಾಲಯದ ಗಂಟೆಗಳೂ ಕಥೆಯ ಅಂಗಗಳೇ ಆಗಿವೆ. ಇಂಥ ಕಥೆಗಳಲ್ಲಿ ವಾಚಕರಿಗೆ ಮೋಸವಾಗಬಾರದೆಂದು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರು, ೧೯೨೯ರಲ್ಲಿ ಹತ್ತು ನಿಯಮಗಳನ್ನು ಹಾಕಿಕೊಟ್ಟರು. ಅಪರಾಧಿಯು ಕಥೆಯ ಆರಂಭದಲ್ಲಿಯೇ ಬಂದಿರಬೇಕು. ದೆವ್ವಪಿಶಾಚಿಗಳಿಂದ ಗಂಟನ್ನು ಬಿಡಿಸಬಾರದು. ಪತ್ತೇದಾರನಿಗೆ ಕಂಡ ಸುಳುಹುಗಳೆಲ್ಲವೂ ವಾಚಕನಿಗೂ ಕಾಣಬೇಕು ಎಂಬಿವು ಅವುಗಳಲ್ಲಿ ಕೆಲವು. ಒಟ್ಟಿನಲ್ಲಿ ನ್ಯಾಯವಾದ ಆಟವಿರಬೇಕೆಂಬುದೇ ಅವುಗಳ ಸಾರ.

ಇಂಥ ಕಥೆಗೆ ಹಳ್ಳಿಯೇ ಏಕೆ ಬೇಕು? ಕಾರಣವು ಸುಲಭವಾಗಿದೆ. ಸುಳುಹು ಎಂದರೆ ವಾಡಿಕೆಯು ತಪ್ಪಿದ ಗುರುತು. ಪಟ್ಟಣದಲ್ಲಿ ನೆರೆಮನೆಯವನು ಎಷ್ಟು ಹೊತ್ತಿಗೆ ಏಳುತ್ತಾನೆ ಎಂಬುದನ್ನು ಬಲ್ಲವರು ಕಡಿಮೆ. ಒಕ್ಕಲುತನದ ಊರಿನಲ್ಲಿ ಹಾಗಲ್ಲ. ಹಸುವನ್ನು ಕರೆಯುವ ಹೊತ್ತು, ಒಲೆ ಹೊತ್ತುವ ಹೊತ್ತು, ನೀರಿಗೆ ಹೋಗುವ ಹೊತ್ತು, ದೀಪವನ್ನು ಆರಿಸುವ ಹೊತ್ತು ಇವೆಲ್ಲವೂ ಎಲ್ಲರಿಗೂ ತಿಳಿದಿರುತ್ತವೆ. ಒಂದು ಮನೆಯ ಮಾಡಿನಿಂದ ಬೆಳಗಿನ ಹೊಗೆಯು ಏಳದಿದ್ದರೆ, ಕಟ್ಟಿದ ದನವು ಹೊತ್ತುಮೀರಿ ಕೂಗಿದರೆ, ನಮ್ಮ ಹಳ್ಳಿಗಳಲ್ಲಿಯೂ ನೆರೆಯವರು ಬಾಗಿಲಿಗೆ ಬಂದು ಕೇಳುವುದುಂಟು. ಕ್ರಮವನ್ನು ಬಲ್ಲವರಿಗೆ ಮಾತ್ರ ಕ್ರಮಭಂಗವು ಕಾಣಿಸುತ್ತದೆ. ಮನೆಯ ಕ್ರಮವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಆ ಕ್ರಮವನ್ನು ದಿನದಿನವೂ ತಮ್ಮ ಕೈಯಿಂದ ನಡೆಯಿಸುವವರು. ಆದಕಾರಣ ಹಳ್ಳಿಯ ಪತ್ತೇದಾರಿ ಕಥೆಯಲ್ಲಿ ಹೆಂಗಸಿನ ಕಣ್ಣಿಗೆ ದೊಡ್ಡ ಸ್ಥಾನವು ದೊರೆತಿರುವುದು ಕಾಕತಾಳೀಯವಲ್ಲ. ಈ ಮಾತಿಗೆ ನಾವು ಬಲ್ಲ ಅತ್ಯುತ್ತಮ ನಿದರ್ಶನವು ಇಂಗ್ಲೆಂಡಿನದಲ್ಲ. ಕ್ರಿಸ್ಟಿಯವರ ಮೊದಲನೆಯ ಪುಸ್ತಕವು ೧೯೨೦ರಲ್ಲಿ ಹೊರಬೀಳುವುದಕ್ಕಿಂತ ಮುಂಚೆಯೇ ಅಮೆರಿಕದಲ್ಲಿ ಹುಟ್ಟಿದುದು. ಈಗ ಆ ಕಡೆಗೆ ತಿರುಗುವೆವು.

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಅಯೋವಾ ಎಂಬ ಸಂಸ್ಥಾನವಿದೆ. ಕಪ್ಪು ಮಣ್ಣಿನ ವಿಶಾಲವಾದ ಬಯಲು; ಮುಸುಕಿನ ಜೋಳ, ಹಂದಿ, ದನಗಳಿಂದ ಬಾಳುವ ಒಕ್ಕಲುನಾಡು. ನಮ್ಮಲ್ಲಿಯಂತೆ ಮನೆಗಳೆಲ್ಲವೂ ಒತ್ತಾಗಿ ಸೇರಿ ಊರಾಗಿರುವುದಿಲ್ಲ. ಪ್ರತಿಯೊಬ್ಬ ಒಕ್ಕಲಿಗನ ಮನೆಯೂ ತನ್ನ ಹೊಲದ ನಡುವೆ ಒಂಟಿಯಾಗಿ ನಿಂತಿರುತ್ತದೆ. ಈ ಒಂಟಿತನವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ೧೯೦೦ನೆಯ ಇಸವಿಯ ಡಿಸೆಂಬರ್ ತಿಂಗಳ ಆರಂಭದಲ್ಲಿ, ಅಲ್ಲಿಯ ವಾರನ್ ಜಿಲ್ಲೆಯಲ್ಲಿ ಜಾನ್ ಹೊಸ್ಯಾಕ್ ಎಂಬ ಒಕ್ಕಲಿಗನು ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ಕೊಡಲಿಯ ಪೆಟ್ಟಿಗೆ ಗುರಿಯಾಗಿ ಸತ್ತನು. ಅವನ ಹೆಂಡತಿ ಮಾರ್ಗರೆಟ್ ಅದೇ ಹಾಸಿಗೆಯಲ್ಲಿ ಮಲಗಿದ್ದಳು. ತಾನು ನಿದ್ರೆಯಲ್ಲಿದ್ದೆನೆಂದೂ, ಸದ್ದಿಗೆ ಎಚ್ಚತ್ತೆನೆಂದೂ, ಹೊಡೆದವರನ್ನು ಕಾಣಲಿಲ್ಲವೆಂದೂ ಆಕೆ ಹೇಳಿದಳು. ಜನರು ನಂಬಲಿಲ್ಲ. ಗಂಡನ ಶವಸಂಸ್ಕಾರದ ದಿನದಲ್ಲಿಯೇ ಅಧಿಕಾರಿಗಳು ಆಕೆಯನ್ನು ಹಿಡಿದರು. ಗಂಡನು ಕಠಿಣಸ್ವಭಾವದವನಾಗಿದ್ದನೆಂದೂ, ಆಕೆ ಹಿಂದೆ ನೆರೆಯವರ ಬಳಿಗೆ ಹೋಗಿ ತನ್ನ ಕಷ್ಟವನ್ನು ತೋಡಿಕೊಂಡಿದ್ದಳೆಂದೂ ವಿಚಾರಣೆಯಲ್ಲಿ ಹೊರಬಿದ್ದಿತು. ಆದರೆ ಈ ಕಷ್ಟವು ಆಕೆಯ ಮೇಲಿನ ಕರುಣೆಗೆ ಕಾರಣವಾಗುವುದಕ್ಕೆ ಬದಲಾಗಿ, ಕೊಲ್ಲುವುದಕ್ಕೆ ಆಕೆಗೆ ಕಾರಣವಿತ್ತೆಂಬುದಕ್ಕೆ ಸಾಕ್ಷ್ಯವಾಯಿತು.

೧೯೦೧ರಲ್ಲಿ ಇಂಡಿಯನೋಲ ಎಂಬ ಊರಿನ ನ್ಯಾಯಾಲಯದಲ್ಲಿ ವಿಚಾರಣೆಯು ನಡೆದು, ಮಾರ್ಗರೆಟಳು ಅಪರಾಧಿಯೆಂದು ತೀರ್ಮಾನವಾಗಿ, ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ೧೯೦೨ರಲ್ಲಿ ಅಯೋವಾ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಆ ವಿಚಾರಣೆಯಲ್ಲಿ ದೋಷಗಳನ್ನು ಕಂಡು ತೀರ್ಪನ್ನು ರದ್ದುಪಡಿಸಿತು. ೧೯೦೩ರಲ್ಲಿ ಬೇರೊಂದು ಜಿಲ್ಲೆಯಲ್ಲಿ ಮರುವಿಚಾರಣೆಯಾಯಿತು. ಅಲ್ಲಿ ಜೂರಿಯವರು ಒಮ್ಮತಕ್ಕೆ ಬರಲಾರದೆ ಹೋದರು. ಮೂರನೆಯ ಸಲ ವಿಚಾರಣೆಯು ನಡೆಯಲಿಲ್ಲ. ಮಾರ್ಗರೆಟಳು ಬಿಡುಗಡೆ ಹೊಂದಿದಳು. ಕೊಡಲಿಯನ್ನು ಎತ್ತಿದ ಕೈ ಯಾವುದೆಂದು ನ್ಯಾಯಾಲಯವು ಕಡೆಗೂ ಸ್ಥಿರವಾಗಿ ಹೇಳಲಿಲ್ಲ. ಜೂರಿಯೆಂದರೆ, ಆರೋಪಿಯು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಕೇಳಿ ನಿರ್ಣಯಿಸುವುದಕ್ಕಾಗಿ ಸಾಮಾನ್ಯ ಪ್ರಜೆಗಳಿಂದ ಆರಿಸಿದ ಹನ್ನೆರಡು ಮಂದಿಯ ಮಂಡಲಿ. ನಮ್ಮ ದೇಶದ ಅಪರಾಧ ವಿಚಾರಣೆಗಳಲ್ಲಿಯೂ ಈ ಪದ್ಧತಿಯು ಹಿಂದೆ ಇದ್ದಿತು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಉಳಿಯಲಿಲ್ಲ. ಮಾರ್ಗರೆಟಳ ಕಾಲದಲ್ಲಿ ಅಯೋವಾದ ಜೂರಿಯಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ಅಮೆರಿಕ ದೇಶಕ್ಕೆಲ್ಲ ಅನ್ವಯಿಸುವಂತೆ ಹೆಂಗಸರಿಗೆ ಮತದ ಹಕ್ಕು ಬಂದುದೇ ೧೯೨೦ರಲ್ಲಿ. ಹೀಗಾಗಿ ಆಕೆಯ ಮನೆಯ ಒಳಗಿನ ಬಾಳನ್ನು ತೂಗಿ ನೋಡಿದವರೆಲ್ಲರೂ ಗಂಡಸರೇ ಆಗಿದ್ದರು.

ಈ ವಿಚಾರಣೆಯನ್ನು ಡೆ ಮಾಯ್ನ್ ನಗರದ ಒಂದು ವರ್ತಮಾನಪತ್ರಿಕೆಗೆ ವರದಿ ಮಾಡಿದವರಲ್ಲಿ ಸೂಸನ್ ಗ್ಲಾಸ್ಪೆಲ್ ಎಂಬ ತರುಣಿಯೂ ಒಬ್ಬರು. ಅವರು ೧೮೭೬ರಲ್ಲಿ ಅಯೋವಾದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ ಹುಟ್ಟಿದವರು; ಕಾಲೇಜು ಶಿಕ್ಷಣವನ್ನು ಪಡೆದು ಪತ್ರಿಕೋದ್ಯೋಗಕ್ಕೆ ಇಳಿದಿದ್ದರು. ವಿಚಾರಣೆಯ ಬಳಿಕ ಅವರು ಆ ಉದ್ಯೋಗವನ್ನು ಬಿಟ್ಟು ಕಥೆಗಳನ್ನು ಬರೆಯತೊಡಗಿದರು. ಆದರೆ ವರದಿಗಾರ್ತಿಯಾಗಿದ್ದಾಗ ತಾವು ಹೊಕ್ಕ ಒಂದು ಅಡಿಗೆಮನೆಯ ನೆನಪು ಅವರನ್ನು ಬಿಡಲಿಲ್ಲ. ಹದಿನೈದು ವರ್ಷಗಳು ಕಳೆದ ಮೇಲೆ, ೧೯೧೬ರ ಬೇಸಗೆಯಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಪ್ರಾವಿನ್ಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ ಅವರೂ ಅವರ ಪತಿಯೂ ಗೆಳೆಯರೂ ಸೇರಿ, ಬಂದರುಕಟ್ಟೆಯ ಮೇಲಿನ ಒಂದು ಹಳೆಯ ಕಟ್ಟಡದಲ್ಲಿ ನಾಟಕಗಳನ್ನು ಆಡುತ್ತಿದ್ದರು. ಹೊಸ ನಾಟಕವೊಂದು ಬೇಕೆಂದು ಪತಿಯು ಒತ್ತಾಯಿಸಲು, ಗ್ಲಾಸ್ಪೆಲ್ ಅವರು ಬರಿದಾಗಿದ್ದ ಆ ರಂಗದ ಎದುರಿಗೆ ಹೋಗಿ ಕುಳಿತರು. ನೋಡುತ್ತ ನೋಡುತ್ತ ಆ ರಂಗವೇ ಹಿಂದಿನ ಅಡಿಗೆಮನೆಯಾಗಿ ತಮಗೆ ಕಾಣಿಸಿತೆಂದು ಅವರು ಮುಂದೆ ಬರೆದಿದ್ದಾರೆ. 'ಟ್ರೈಫಲ್ಸ್', ಅಂದರೆ 'ಕ್ಷುಲ್ಲಕ ವಿಷಯಗಳು', ಎಂಬ ಏಕಾಂಕವು ಹೀಗೆ ಹುಟ್ಟಿತು. ಆಗಸ್ಟ್ ೮ರಂದು ಅದು ಮೊದಲು ಪ್ರದರ್ಶಿತವಾದಾಗ ಲೇಖಕಿಯವರೇ ಒಂದು ಮುಖ್ಯಪಾತ್ರವನ್ನು ವಹಿಸಿದ್ದರು. ೧೯೧೭ರಲ್ಲಿ ಅದನ್ನೇ ಸಣ್ಣಕಥೆಯಾಗಿ ಬರೆದು, 'ಆಕೆಯ ಸಮಾನರ ಜೂರಿ' ಎಂಬ ಅರ್ಥವುಳ್ಳ ಹೆಸರನ್ನಿಟ್ಟರು.

ನಿಜವಾಗಿ ನಡೆದುದನ್ನು ಲೇಖಕಿಯವರು ಇದ್ದಂತೆಯೇ ಎತ್ತಿಡಲಿಲ್ಲ. ಕೊಡಲಿಯ ಸ್ಥಾನದಲ್ಲಿ ಹಗ್ಗವನ್ನು ತಂದರು. ಮಾರ್ಗರೆಟಳಿಗೆ ಒಂಬತ್ತು ಮಂದಿ ಮಕ್ಕಳಿದ್ದರು. ಕಥೆಯ ಮಿನ್ನಿಗೆ ಮಕ್ಕಳೇ ಇಲ್ಲ. ನ್ಯಾಯಾಲಯದ ಗದ್ದಲವನ್ನು ಬಿಟ್ಟು, ಒಂದು ಬೆಳಗಿನ ಕೆಲವು ಗಳಿಗೆಗಳನ್ನೂ ಒಂದು ತಣ್ಣಗಾದ ಅಡಿಗೆಮನೆಯನ್ನೂ ಮಾತ್ರ ಉಳಿಸಿಕೊಂಡರು. ಕಥೆಯ ಸಾರವು ಹೀಗಿದೆ.

ಜಾನ್ ರೈಟ್ ಎಂಬ ಒಕ್ಕಲಿಗನು ಹಾಸಿಗೆಯಲ್ಲಿ ಕೊರಳಿಗೆ ಹಗ್ಗ ಬಿಗಿದು ಸತ್ತಿದ್ದಾನೆ. ಅವನ ಹೆಂಡತಿ ಮಿನ್ನಿಯನ್ನು ಸೆರೆಮನೆಗೆ ಒಯ್ದಿದ್ದಾರೆ. ಮರುದಿನ ಮೂವರು ಗಂಡಸರು ಆ ಮನೆಗೆ ಬರುತ್ತಾರೆ: ಸರಕಾರೀ ವಕೀಲ, ಷೆರಿಫ್ ಎಂಬ ಜಿಲ್ಲೆಯ ಪೋಲೀಸಧಿಕಾರಿ, ಮತ್ತು ಶವವನ್ನು ಮೊದಲು ಕಂಡ ನೆರೆಯ ಒಕ್ಕಲಿಗನಾದ ಹೇಲ್. ಸೆರೆಯಲ್ಲಿರುವ ಮಿನ್ನಿಗೆ ಕೆಲವು ಬಟ್ಟೆಗಳನ್ನು ಒಯ್ಯಬೇಕಾಗಿರುವುದರಿಂದ ಷೆರಿಫನ ಹೆಂಡತಿ ಶ್ರೀಮತಿ ಪೀಟರ್ಸ್, ಆಕೆಗೆ ಜೊತೆಯಾಗಿ ಶ್ರೀಮತಿ ಹೇಲ್, ಇವರಿಬ್ಬರೂ ಬಂದಿದ್ದಾರೆ. ಗಂಡಸರಿಗೆ ಬೇಕಾಗಿರುವುದು ಕೊಲೆಗೆ ಕಾರಣ. ಕೋಪವನ್ನಾಗಲಿ ಆಕಸ್ಮಿಕವಾದ ಉದ್ರೇಕವನ್ನಾಗಲಿ ತೋರಿಸುವ ಯಾವುದಾದರೊಂದು ವಸ್ತುವು ದೊರೆಯದಿದ್ದರೆ ಜೂರಿಯವರು ಹೆಂಗಸಿಗೆ ಶಿಕ್ಷೆ ವಿಧಿಸಲು ಹಿಂಜರಿಯುವರೆಂದು ವಕೀಲನ ಚಿಂತೆ. ಅವರು ಅಡಿಗೆಮನೆಯನ್ನು ಒಮ್ಮೆ ನೋಡಿ, ಇಲ್ಲಿ ಪಾತ್ರೆಪರಡಿಯಲ್ಲದೆ ಬೇರೇನೂ ಇಲ್ಲವೆಂದುಕೊಂಡು, ಮಿನ್ನಿಯು ಒಳ್ಳೆಯ ಗೃಹಿಣಿಯಲ್ಲವೆಂದು ಆಡಿಕೊಂಡು, ಮಹಡಿಯನ್ನೂ ಕೊಟ್ಟಿಗೆಯನ್ನೂ ಶೋಧಿಸಲು ಹೋಗುತ್ತಾರೆ. ಹೆಂಗಸರಿಬ್ಬರೂ ಅಡಿಗೆಮನೆಯಲ್ಲಿ ಉಳಿಯುತ್ತಾರೆ.

ಇಲ್ಲಿಂದ ಮುಂದೆ ನಡೆಯುವ ಪತ್ತೆಯ ಕೆಲಸವು ಬಹು ಸೂಕ್ಷ್ಮವಾದುದು. ಮೇಜಿನ ಅರ್ಧವನ್ನು ಮಾತ್ರ ಒರಸಿದೆ, ಉಳಿದರ್ಧವು ಕೊಳೆಯಾಗಿದೆ. ಸಕ್ಕರೆಯ ಡಬ್ಬದ ಮುಚ್ಚಳವು ತೆರೆದಿದೆ. ಅರ್ಧ ತುಂಬಿದ ಚೀಲವು ಪಕ್ಕದಲ್ಲಿದೆ. ಗಂಡಸರು ಇದನ್ನು ಸೋಮಾರಿತನವೆಂದು ಓದಿದರು. ಶ್ರೀಮತಿ ಹೇಲ್ ಹಾಗೆ ಓದಲಿಲ್ಲ. ಆಕೆಯೂ ಆ ಬೆಳಿಗ್ಗೆ ತನ್ನ ಮನೆಯಲ್ಲಿ ಹಿಟ್ಟನ್ನು ಅರ್ಧ ಜರಡಿ ಹಿಡಿದು ಅರ್ಧ ಬಿಟ್ಟು ಬಂದವಳು. ಸೋಮಾರಿಯಾದವಳು ಕೆಲಸವನ್ನು ತೊಡಗುವುದೇ ಇಲ್ಲ. ತೊಡಗಿ ನಡುವೆ ಬಿಟ್ಟವಳಿಗೆ ಏನೋ ಅಡ್ಡ ಬಂದಿರಬೇಕು. ಅಡ್ಡ ಬಂದುದೇನು? ಗೃಹಕೃತ್ಯವನ್ನು ಬಲ್ಲವರಿಗೆ ಮಾತ್ರ ಈ ಪ್ರಶ್ನೆಯು ಹುಟ್ಟುತ್ತದೆ.

ಮುಂದೆ ಹೊಲಿಗೆಯ ಬುಟ್ಟಿಯು ಸಿಕ್ಕುತ್ತದೆ. ಅದರಲ್ಲಿ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುತ್ತಿದ್ದ ಹೊದಿಕೆಯ ಭಾಗಗಳಿವೆ. ನಮ್ಮ ಉತ್ತರಕರ್ನಾಟಕದ ತಾಯಂದಿರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಹೊದಿಕೆಯ ಪದರಗಳನ್ನು ಕೂಡಿಸುವುದಕ್ಕೆ ಎರಡು ವಿಧಾನಗಳಿವೆ: ಉದ್ದಕ್ಕೂ ಸಣ್ಣ ಹೊಲಿಗೆ ಹಾಕುವುದು ಒಂದು, ಅಲ್ಲಲ್ಲಿ ದಾರದ ಗಂಟು ಹಾಕುವುದು ಮತ್ತೊಂದು. ಮಿನ್ನಿಯು ಯಾವುದನ್ನು ಮಾಡಬೇಕೆಂದಿದ್ದಳೋ ಎಂದು ಹೆಂಗಸರು ಮಾತನಾಡಿಕೊಂಡುದನ್ನು ಕೇಳಿ ಗಂಡಸರು ನಗುತ್ತಾರೆ. ಆದರೆ ಒಂದು ತುಂಡಿನಲ್ಲಿ ಹೊಲಿಗೆಯು ಸೊಟ್ಟಸೊಟ್ಟಾಗಿ ಹೋಗಿದೆ. ಮಿಕ್ಕ ತುಂಡುಗಳಲ್ಲಿ ಅಷ್ಟು ಅಂದವಾಗಿ ಹೊಲಿದ ಕೈ ಇಲ್ಲಿ ಮಾತ್ರ ಏಕೆ ನಡುಗಿತು? ಶ್ರೀಮತಿ ಹೇಲ್ ಯಾರಿಗೂ ಹೇಳದೆ ಆ ಹೊಲಿಗೆಯನ್ನು ಬಿಚ್ಚಿ, ಸರಿಯಾಗಿ ಹೊಲಿಯತೊಡಗುತ್ತಾಳೆ.

ಆ ಬಳಿಕ ಬೀರುವಿನಲ್ಲಿ ಹಕ್ಕಿಯ ಪಂಜರವೊಂದು ದೊರೆಯುತ್ತದೆ. ಅದರ ಬಾಗಿಲಿನ ತಿರುಗಣಿಯು ಕಿತ್ತುಹೋಗಿದೆ. ಯಾರೋ ಬಲಾತ್ಕಾರದಿಂದ ಎಳೆದಂತಿದೆ. ಹಕ್ಕಿಯಿಲ್ಲ. ಕಡೆಗೆ ಹೊಲಿಗೆಯ ಬುಟ್ಟಿಯ ತಳದಲ್ಲಿ ಒಂದು ಚೆಲುವಾದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ರೇಶ್ಮೆಯ ತುಂಡಿನಲ್ಲಿ ಸುತ್ತಿಟ್ಟ ಕ್ಯಾನರಿ ಹಕ್ಕಿ. ಅದರ ಕೊರಳನ್ನು ಯಾರೋ ತಿರುಚಿದ್ದಾರೆ. ಹೆಂಗಸರಿಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಮದುವೆಗೆ ಮೊದಲು ಮಿನ್ನಿಯು ದೇವಾಲಯದ ಗಾಯಕಮಂಡಲಿಯಲ್ಲಿ ಹಾಡುತ್ತಿದ್ದಳು. ಬಿಳಿಯ ಉಡುಪನ್ನು ತೊಟ್ಟು ಎಲ್ಲರೊಡನೆ ನಗುನಗುತ್ತ ಇದ್ದಳು. ಜಾನ್ ರೈಟನು ಕುಡುಕನಲ್ಲ, ಸಾಲಗಾರನಲ್ಲ. ಊರವರ ದೃಷ್ಟಿಯಲ್ಲಿ ಸಭ್ಯನೇ. ಆದರೆ ಎಲುಬಿಗೆ ತಗಲುವ ಚಳಿಗಾಳಿಯಂಥ ಮನುಷ್ಯ. ಇಪ್ಪತ್ತು ವರ್ಷಗಳ ಮೌನದ ಬಳಿಕ ಆ ಮನೆಗೆ ಬಂದ ಒಂದೇ ಒಂದು ಹಾಡನ್ನು ಅವನು ನಿಲ್ಲಿಸಿದನು. ವಕೀಲನು ಮಹಡಿಯಲ್ಲಿ ಹುಡುಕುತ್ತಿರುವ ಕಾರಣವು ಈಗ ಈ ಇಬ್ಬರ ಕೈಯಲ್ಲಿದೆ.

ಇಲ್ಲಿಯವರೆಗೆ ಕಥೆಯು ನಾವು ಮೇಲೆ ಹೇಳಿದ ಲಕ್ಷಣಗಳನ್ನೇ ಅನುಸರಿಸುತ್ತದೆ. ಕೊಲೆಯು ಮರೆಯಲ್ಲಿ ನಡೆದಿದೆ; ಊರು ಚಿಕ್ಕದು; ಪತ್ತೆ ಮಾಡಿದವರು ಸಾಧಾರಣ ಹೆಂಗಸರು; ಸುಳುಹುಗಳೆಲ್ಲವೂ ನಮ್ಮ ಮುಂದಿವೆ. ಆದರೆ ಕೊನೆಯಲ್ಲಿ ಗ್ಲಾಸ್ಪೆಲ್ ಅವರು ದಾರಿಯನ್ನು ಬದಲಾಯಿಸುತ್ತಾರೆ. ಮಿಸ್ ಮಾರ್ಪಲ್ ತಾನು ಕಂಡ ನಿಜವನ್ನು ಅಧಿಕಾರಿಗಳ ಮುಂದಿಡುತ್ತಾಳೆ. ಈ ಹೆಂಗಸರು ಇಡುವುದಿಲ್ಲ. ಕಾನೂನಿನ ಅಧಿಕಾರಿಯ ಹೆಂಡತಿಯಾದುದರಿಂದ ಕಾನೂನಿಗೇ ಕೈಹಿಡಿದವಳೆಂದು ಎಲ್ಲರೂ ಹೇಳುವ ಶ್ರೀಮತಿ ಪೀಟರ್ಸಳು ಮೊದಲು ಹಿಂಜರಿಯುತ್ತಾಳೆ. ಆಕೆ ಹುಡುಗಿಯಾಗಿದ್ದಾಗ ಒಬ್ಬ ಹುಡುಗನು ಅವಳ ಬೆಕ್ಕಿನ ಮರಿಯನ್ನು ಅವಳ ಕಣ್ಣೆದುರಿಗೇ ಕೊಂದಿದ್ದನು. ಡಕೋಟದ ಬಯಲಿನಲ್ಲಿ ನೆಲೆಸಿದ್ದಾಗ ಅವಳ ಚೊಚ್ಚಲ ಮಗುವು ತೀರಿಕೊಂಡಿದ್ದಿತು. ಕೋಪವೆಂದರೇನು, ಮನೆಯ ನಿಶ್ಶಬ್ದವೆಂದರೇನು ಎಂಬುದನ್ನು ಆಕೆ ಬಲ್ಲಳು. ಗಂಡಸರ ಹೆಜ್ಜೆಯ ಸಪ್ಪಳವು ಕೇಳಿಸಿದಾಗ ಇಬ್ಬರೂ ಸೇರಿ ಆ ಪೆಟ್ಟಿಗೆಯನ್ನು ಮರೆಮಾಡುತ್ತಾರೆ. ಹೊದಿಕೆಗೆ ಹೊಲಿಗೆಯೋ ಗಂಟೋ ಎಂದು ವಕೀಲನು ಪರಿಹಾಸ್ಯವಾಗಿ ಕೇಳಲು, ಶ್ರೀಮತಿ ಹೇಲ್ ಗಂಟು ಎಂದೇ ಉತ್ತರ ಕೊಡುತ್ತಾಳೆ. ಹಗ್ಗದ ಗಂಟನ್ನು ನೆನೆದ ವಾಚಕರಿಗೆ ಆ ಉತ್ತರದ ಭಾರವು ತಿಳಿಯುವುದು.

ಇದು ಸರಿಯೇ? ಈ ಪ್ರಶ್ನೆಯನ್ನು ನಾವು ಹಗುರವಾಗಿ ದಾಟಿಹೋಗುವಂತಿಲ್ಲ. ಸಾಕ್ಷ್ಯವನ್ನು ಮುಚ್ಚುವುದು ಅಪರಾಧ. ಒಬ್ಬ ಮನುಷ್ಯನ ಪ್ರಾಣವು ಹೋಗಿದೆ. ಅವನು ಎಷ್ಟು ಕಠಿಣನಾಗಿದ್ದರೂ ಹಾಸಿಗೆಯಲ್ಲಿ ಅವನನ್ನು ಕೊಲ್ಲುವ ಅಧಿಕಾರವು ಯಾರಿಗೂ ಇರಲಿಲ್ಲ. ಹಕ್ಕಿಯ ಪ್ರಾಣಕ್ಕೆ ಮನುಷ್ಯನ ಪ್ರಾಣವು ಬದಲಾಗದು. ಕರುಣೆಯ ಹೆಸರಿನಲ್ಲಿ ಪ್ರತಿಯೊಬ್ಬರೂ ತಮಗೆ ತೋರಿದ ಸತ್ಯವನ್ನು ಬಚ್ಚಿಡತೊಡಗಿದರೆ ನ್ಯಾಯಾಲಯದ ಬಾಗಿಲನ್ನು ಮುಚ್ಚಬೇಕಾದೀತು. ಆದರೆ ಮತ್ತೊಂದು ಪಕ್ಕವೂ ಇದೆ. ಆ ಹಕ್ಕಿಯನ್ನು ಹನ್ನೆರಡು ಮಂದಿ ಗಂಡಸರ ಮುಂದಿಟ್ಟರೆ ಅದು ಅವರಿಗೆ ಹೇಳುವುದೇನು? ಕೊಲ್ಲುವುದಕ್ಕೆ ಕಾರಣವಿತ್ತು ಎಂಬ ಒಂದು ಮಾತನ್ನು ಮಾತ್ರ. ಇಪ್ಪತ್ತು ವರ್ಷಗಳ ಒಂಟಿತನವನ್ನು ಅದು ಹೇಳದು; ಅದನ್ನು ಓದಬಲ್ಲವರಿಗೆ ಆ ಸಭೆಯಲ್ಲಿ ಆಸನವಿರಲಿಲ್ಲ. ತನ್ನ ಸಮಾನರಿಂದ ವಿಚಾರಣೆ ಹೊಂದುವುದು ಪ್ರತಿಯೊಬ್ಬ ಆರೋಪಿಯ ಹಕ್ಕೆಂದು ಇಂಗ್ಲಿಷ್ ನ್ಯಾಯಪದ್ಧತಿಯು ಬಹುಕಾಲದಿಂದ ಹೇಳುತ್ತ ಬಂದಿದ್ದರೂ, ಹೆಂಗಸಿಗೆ ಸಮಾನರು ಯಾರೆಂದು ಯಾರೂ ಕೇಳಿರಲಿಲ್ಲ. ಲೇಖಕಿಯವರು ಕಥೆಗೆ ಇಟ್ಟ ಹೆಸರೇ ಆ ಪ್ರಶ್ನೆಯಾಗಿದೆ. ಹೆಂಗಸರು ಮಾಡಿದುದು ಸರಿಯೆಂದು ಅವರು ಸಾರುವುದಿಲ್ಲ. ಒಳ್ಳೆಯ ಹೆಂಗಸರಿಬ್ಬರು ಹೀಗೆ ಮಾಡಬೇಕಾಗಿ ಬಂದ ಸ್ಥಿತಿಯನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತಾರೆ. ನ್ಯಾಯವನ್ನು ತೂಗುವವರೆಲ್ಲರೂ ಒಂದೇ ಬಗೆಯವರಾಗಿದ್ದರೆ ಅರ್ಧ ಸಾಕ್ಷ್ಯವು ಅವರ ಕಣ್ಣಿಗೆ ಬೀಳದು ಎಂಬುದೇ ಇಲ್ಲಿಯ ಪಾಠ. ಬಹುಕಾಲ ಮರೆತುಹೋಗಿದ್ದ ಈ ಸಣ್ಣಕಥೆಯನ್ನು ೧೯೭೦ರ ದಶಕದಿಂದೀಚೆಗೆ ಅಮೆರಿಕದ ಕಾಲೇಜುಗಳಲ್ಲಿ ಮತ್ತೆ ಓದತೊಡಗಿದರು. ಸಾಹಿತ್ಯದ ತರಗತಿಗಳಲ್ಲಿ ಮಾತ್ರವಲ್ಲದೆ ಕಾನೂನಿನ ತರಗತಿಗಳಲ್ಲಿಯೂ ಅದು ಚರ್ಚೆಗೆ ಬರುತ್ತದೆ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು ಕಥೆಯ ಇನ್ನೊಂದು ಮಾತು. ಶ್ರೀಮತಿ ಹೇಲ್ ಮಿನ್ನಿಯ ನೆರೆಯವಳು. ಹುಡುಗಿಯಾಗಿದ್ದ ಕಾಲದಿಂದ ಅವಳನ್ನು ಬಲ್ಲವಳು. ಆದರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ಮನೆಯ ಮೆಟ್ಟಿಲನ್ನು ಹತ್ತಿರಲಿಲ್ಲ. ಆ ಮನೆಯಲ್ಲಿ ಉಲ್ಲಾಸವಿರಲಿಲ್ಲ. ತನ್ನ ಮನೆಯಲ್ಲಿ ಕೆಲಸವು ಬಹಳವಿತ್ತು. ನಾಳೆ ಹೋದರಾಯಿತೆಂದು ದಿನಗಳನ್ನು ಕಳೆದಳು. ಅಡಿಗೆಮನೆಯಲ್ಲಿ ನಿಂತು ಸುಳುಹುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ, ತಾನು ಬಂದು ಹೋಗುತ್ತಿದ್ದರೆ ಇದು ಹೀಗಾಗುತ್ತಿರಲಿಲ್ಲವೋ ಏನೋ ಎಂಬ ಸಂಕಟವು ಅವಳನ್ನು ಹಿಡಿಯುತ್ತದೆ. ತಾನು ಬಾರದೆ ಹೋದುದೂ ಒಂದು ಅಪರಾಧವೇ, ಅದಕ್ಕೆ ಶಿಕ್ಷೆ ಕೊಡುವವರಾರು ಎಂದು ಅವಳು ಮರುಗುತ್ತಾಳೆ. ಸಾಮಾನ್ಯವಾದ ಪತ್ತೇದಾರಿ ಕಥೆಯಲ್ಲಿ ಒಬ್ಬನು ತಪ್ಪಿತಸ್ಥನೆಂದು ಗೊತ್ತಾದೊಡನೆ ಉಳಿದವರೆಲ್ಲರೂ ನಿರಪರಾಧಿಗಳಾಗಿ ನಿಟ್ಟುಸಿರು ಬಿಡುತ್ತಾರೆ. ಅದರ ಸುಖವೂ ಅದೇ. ಈ ಕಥೆಯಲ್ಲಿ ಪತ್ತೆಯು ಮುಗಿದಾಗ ಪತ್ತೆ ಮಾಡಿದವಳೇ ತನ್ನನ್ನು ವಿಚಾರಿಸಿಕೊಳ್ಳುತ್ತಾಳೆ.

ಈಗ ತಾಯಿತಂದೆಗಳ ಪ್ರಶ್ನೆಗೆ ನಮ್ಮ ಉತ್ತರವನ್ನು ಹೇಳುವೆವು. ಕ್ರೌರ್ಯವನ್ನೇ ಸವಿಯುವ ಪುಸ್ತಕವನ್ನು ಮಗಳ ಕೈಯಿಂದ ತೆಗೆದಿಟ್ಟರೆ ನಷ್ಟವಿಲ್ಲ. ಆದರೆ ಎಲ್ಲ ಪತ್ತೇದಾರಿ ಕಥೆಗಳನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಎಸೆಯುವುದು ವಿವೇಕವಲ್ಲ. ಒಳ್ಳೆಯ ಪತ್ತೇದಾರಿ ಕಥೆಯು ಆತುರದ ತೀರ್ಮಾನವನ್ನು ಶಿಕ್ಷಿಸುತ್ತದೆ. ಮೊದಲ ನೋಟಕ್ಕೆ ಕಂಡುದನ್ನೇ ನಂಬಿದವನು ಅದರಲ್ಲಿ ಯಾವಾಗಲೂ ಮೋಸಹೋಗುತ್ತಾನೆ. ಅರ್ಧ ಒರಸಿದ ಮೇಜನ್ನು ಕಂಡು ಸೋಮಾರಿತನವೆಂದು ನಗುವವರು ಯಾರು, ಏನಾಯಿತೆಂದು ಕೇಳುವವರು ಯಾರು ಎಂಬ ಭೇದವನ್ನು ಹುಡುಗಿಯೊಬ್ಬಳು ಹದಿನೈದನೆಯ ವಯಸ್ಸಿನಲ್ಲಿ ಕಲಿತರೆ, ಅದು ಅವಳ ಬಾಳಿಗೆಲ್ಲ ಉಪಯೋಗವಾಗುವುದು. ತಾಯಿಯಾದವಳು ಕಥೆಯನ್ನು ತಾನೂ ಓದಿ, ಆ ಹೆಂಗಸರು ಮಾಡಿದುದು ಸರಿಯೋ ತಪ್ಪೋ ಎಂದು ಮಗಳೊಡನೆ ಮಾತನಾಡಲಿ. ಒಬ್ಬಳೇ ಕದ್ದು ಓದಿದುದಕ್ಕಿಂತ ಇಬ್ಬರೂ ಕೂಡಿ ವಿಚಾರಮಾಡಿದುದು ಹೆಚ್ಚು ಫಲವನ್ನು ಕೊಡುವುದು. ಮನೆಗೆಲಸದ ಅರಿವು ಕೀಳಾದುದಲ್ಲ, ಅದೂ ಒಂದು ವಿದ್ಯೆ, ನಿಜವನ್ನು ಕಾಣಬಲ್ಲ ವಿದ್ಯೆ ಎಂಬುದನ್ನು ಹುಡುಗಿಯರೂ ಹುಡುಗರೂ ಇದರಿಂದ ಅರಿಯಲಿ.

ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ನೀವು ಇಲ್ಲಿಂದ ಹೊರಟು ನಾನಾ ಊರುಗಳಲ್ಲಿ ಸಂಸಾರಗಳನ್ನು ಹೂಡಿದ್ದೀರಿ, ಕೆಲವರು ಉದ್ಯೋಗಗಳಲ್ಲಿದ್ದೀರಿ. ಒಮ್ಮೆ ನಿಮ್ಮ ಪಕ್ಕದಲ್ಲಿ ನಿಂತು ಬಾಯ್ತುಂಬ ಹಾಡುತ್ತಿದ್ದ ಗೆಳತಿಯೊಬ್ಬಳು ಈಗ ಹಾಡುವುದಿಲ್ಲವೆಂದು ತಿಳಿದುಬಂದರೆ, ಕಾಗದಗಳಿಗೆ ಉತ್ತರ ಬರುವುದು ನಿಂತುಹೋದರೆ, ಕಾರ್ಯಪ್ರಸಂಗಗಳಲ್ಲಿ ಅವಳ ಮುಖವು ಕಾಣದೆ ಹೋದರೆ, ಅದನ್ನು ಕ್ಷುಲ್ಲಕ ವಿಷಯವೆಂದು ಎಣಿಸಬೇಡಿರಿ. ಅವಳಿಗೆ ಬಿಗುಮಾನವೆಂದು ತೀರ್ಮಾನಿಸಬೇಡಿರಿ. ಕೆಲಸವು ಮುಗಿದ ಮೇಲೆ ಹೋಗುವೆವೆಂದರೆ ಯಾವ ಮನೆಯಲ್ಲಿಯೂ ಕೆಲಸವು ಮುಗಿಯುವುದಿಲ್ಲ. ಹಿಟ್ಟಿನ ಜರಡಿಯನ್ನು ಅರ್ಧಕ್ಕೇ ಕೆಳಗಿಟ್ಟಾದರೂ ಹೋಗಿ ಅವಳ ಬಾಗಿಲನ್ನು ತಟ್ಟಿರಿ. ಕೊಲೆಯಾದ ಬಳಿಕ ಸುಳುಹನ್ನು ಓದಬಲ್ಲವಳು ಜಾಣೆ ಸರಿ. ಅದಕ್ಕೆ ಮೊದಲೇ ಓದಿ ಹೋಗಬಲ್ಲವಳಿಂದ ಒಂದು ಮನೆಯೇ ಉಳಿಯಬಹುದು. ನಮ್ಮ ಶಾಲೆಯಲ್ಲಿ ಅಕ್ಷರವನ್ನು ಕಲಿತವರೆಲ್ಲರಿಗೂ ಈ ಓದೂ ಬರಲೆಂದು ಹಾರೈಸುತ್ತೇವೆ.